ಬಾನೆಟ್ಟಿನ ಮೂಗು

ಟಿಮರೂ ಬಂದರಿನ ಗಾಳಿಗೆ ಉಪ್ಪಿನ ಹಲ್ಲು.
ಮೊದಲು ಕಚ್ಚಿದ್ದು ಚಕ್ರದ ಮೇಲಿನ ಕಮಾನನ್ನು,
ಆಮೇಲೆ ಬಾಗಿಲಂಚನ್ನು.
ಎಂಜಿನ್ನು ಕೆಟ್ಟದ್ದು ಮಾತ್ರ ನನ್ನಿಂದಲೇ:
ಆಯಿಲ್ ದೀಪ ಮಿಣುಕಿದಾಗ
ಮನೆಗಿನ್ನು ಆರೇ ಕಿಲೋಮೀಟರು ಅಂದುಕೊಂಡೆ.

ಐದನೆಯದರಲ್ಲಿ ಕದ ತಟ್ಟಿದ ಸದ್ದು.
ಒಳಗಿನಿಂದ.
ಕೊಟ್ಟ ಸಾಲ ಕೇಳಲು ಬಂದವನ ಹಾಗೆ ಮೊದಲು ಮೆಲ್ಲಗೆ,
ಆಮೇಲೆ ಮರ್ಯಾದೆ ಬಿಟ್ಟು.

ತೊಂಬತ್ತಾರರ ಇಂಪ್ರೆಜಾ, ಟರ್ಬೊ ಗಾಡಿ.
ಮಾಂಸದ ಕಾರ್ಖಾನೆಯಲ್ಲಿ ಎರಡು ಸೀಸನ್ನು
ಕುರಿಯ ಭುಜ ಕೊಯ್ದ ದುಡ್ಡಲ್ಲಿ ಕೊಂಡದ್ದು.
ಹದಿನೆಂಟು ವರ್ಷವಾಯಿತು. ಬೆಳಗಿನ ಚಳಿಗೆ ಈಗ
ನನ್ನ ಬೆರಳು ಮಡಚುವುದಿಲ್ಲ.
ಆದರೂ ಮೂರನೇ ಗೇರಿನಲ್ಲಿ ತುಳಿದಾಗ
ಎದೆಯ ಮೇಲೆ ಬಂದು ಕೂರುತ್ತಿತ್ತಲ್ಲ, ಆ ಒಂದು ಅಂಗೈ,
ಅದಕ್ಕೆ ಲೆಕ್ಕ ಇಟ್ಟವಳಲ್ಲ ನಾನು.

ಲೆಕ್ಕ ಇದ್ದದ್ದು ಬಿಸ್ಕತ್ತು ಡಬ್ಬಿಯಲ್ಲಿ:
ಎರಡು ಸಾವಿರದ ನಾನೂರು ಡಾಲರು.

ಟಾವಿಟಾನ ಗುಜರಿ ಅಂಗಳದಲ್ಲಿ
ಜಪಾನಿನಿಂದ ಹಡಗು ಹತ್ತಿ ಬಂದ ಅರ್ಧ ಕಾರುಗಳು.
ಬಾಗಿಲ ಹತ್ತಿರ ಗರಗಸ ಇಟ್ಟು ಕೊಯ್ದು
ಮುಖ ಮಾತ್ರ ಉಳಿಸಿದ್ದಾರೆ.
"ಇನ್ನೂರೆಂಬತ್ತು ಕುದುರೆ ಇದು," ಅಂದ,
ಬ್ಯಾಟರಿಯೂ ಇಲ್ಲದ ಒಂದರ ನೆತ್ತಿ ತಟ್ಟಿ.
ಸತ್ತ ಎಮ್ಮೆಗೆ ಸೇರು ಹಾಲು.
ಬೆಲೆ ಎರಡು ಸಾವಿರದ ಮುನ್ನೂರು,
ಗ್ಯಾಸ್ಕೆಟ್ಟು, ಬೆಲ್ಟು, ಕ್ಲಚ್ಚು, ದೇವರ ದಯೆ ಎಲ್ಲ ಬೇರೆ.

ಅದರ ಖಾನೆಯಲ್ಲೊಂದು ಬಟ್ಟೆಯ ತಾಯಿತ,
ಬಿಳಿ ದಾರದ ಗಂಟು, ನನಗೆ ಓದಲು ಬಾರದ ಅಕ್ಷರ.
ಯಾರೋ ಯಾರಿಗೋ ಜೋಪಾನ ಎಂದಿದ್ದರು.
ಆಮೇಲೆ ಏನಾಯಿತೋ.
ಆ ಕತೆ ಹಿಂದಿನ ಅರ್ಧದಲ್ಲಿತ್ತು.

ನನ್ನ ಜೊತೆ ಬಂದಿದ್ದ ಡೆಸ್ಮಂಡ್,
ನಲವತ್ತು ವರ್ಷ ಟ್ರ್ಯಾಕ್ಟರುಗಳ ಹೊಟ್ಟೆ ಬಗೆದವನು,
ಪ್ಲಗ್ಗು ಬಿಚ್ಚಿ ಗೇಜು ತಿರುಗಿಸಿ ಕೂತ.
ಟಾವಿಟಾ ಬ್ಯಾಟರಿ ತಂದು ಮೋಟರು ಸುತ್ತಿಸಿದ.
ನೂರ ಮೂವತ್ತೈದು. ನೂರ ಮೂವತ್ತು.
ಮೂರನೆಯದಕ್ಕೆ ಮುಳ್ಳು ತೊಂಬತ್ತಕ್ಕೆ ಹತ್ತಿ
ಅಲ್ಲೇ ಸುಸ್ತಾಯಿತು.
ನಾಲ್ಕನೆಯದನ್ನು ಅವನು ನೋಡಲೇ ಇಲ್ಲ.
ಗೇಜನ್ನು ಪ್ಯಾಂಟಿಗೆ ಒರೆಸಿ, "ಹುಹಾನಾ," ಅಂದ, ಅಷ್ಟೇ.
ನನ್ನ ಹಳೆಯ ಎಂಜಿನ್ನನ್ನೇ ಬಿಚ್ಚಿ ಕಟ್ಟಿಸೋಣವೆಂದರೆ
ಕ್ರ್ಯಾಂಕಿನ ಮೇಲೆ ಉಗುರು ಸಿಕ್ಕುವಷ್ಟು ಗೀರು.
ಅದರ ರೇಟು ಕೇಳಿ ಫೋನು ಇಟ್ಟಿದ್ದೆ.

ಬೇಲಿಯ ಮೂಲೆಯಲ್ಲಿ ಒಂದು ವ್ಯಾಗನ್ನು.
ಆಲಿಕಲ್ಲು ಬಿದ್ದು ಮೈಯೆಲ್ಲ ಸಿಡುಬಿನ ಕಲೆ,
ಗಾಜು ಪುಡಿ, ವಿಮೆಯವರು ಕೈ ತೊಳೆದದ್ದು.
ಜೆರಾಲ್ಡೀನಿನ ಪಿಯಾನೊ ಟೀಚರಮ್ಮನದಂತೆ.
ಅದೇ ಜಾತಿಯ ಎಂಜಿನ್ನು, ಆದರೆ ಟರ್ಬೊ ಇಲ್ಲ,
ತನ್ನ ಉಸಿರು ತಾನೇ ಎಳೆದುಕೊಳ್ಳುವುದು.
ಡೆಸ್ಮಂಡ್ ಆಯಿಲ್ ಮುಚ್ಚಳ ತೆಗೆದು
ಅಡಿಗೆ ಬೆರಳಾಡಿಸಿ ಬೆಳಕಿಗೆ ಹಿಡಿದ. ಜೇನಿನ ಬಣ್ಣ.
ನೂರ ಅರವತ್ತೆಂಟು, ನೂರ ಎಪ್ಪತ್ತು,
ಅರವತ್ತೇಳು, ಮತ್ತೆ ಎಪ್ಪತ್ತು.
ವೈರಿನ ಜಡೆ, ಮಿದುಳಿನ ಡಬ್ಬಿ ಸಮೇತ ಆರುನೂರು.

ಹತ್ತಿರ ಹತ್ತಿರ ಅರ್ಧ ಕುದುರೆಗಳು.
ನಾನು ಬೇಲಿಯಾಚೆ ನೋಡಿದೆ. ಅಲ್ಲಿ ಏನೂ ಇರಲಿಲ್ಲ,
ಒಂದು ಟ್ರಾಕು, ಸ್ವಲ್ಪ ಸಮುದ್ರ.
ಡಬ್ಬಿಯಿಂದ ಎಣಿಸಿ ಕೊಟ್ಟೆ.
ತಾಯಿತ ಅಲ್ಲೇ ಇರಲಿ ಅಂದೆ ಟಾವಿಟಾನಿಗೆ;
ಇಟ್ಟುಕೋ, ಪುಕ್ಕಟೆ, ಅಂದಿದ್ದ ಪಾಪ.

ಈಗ ಗುಡ್ಡದ ಏರಿನಲ್ಲಿ ಹಾಲಿನ ಟ್ಯಾಂಕರಿನ ಹಿಂದೆ
ತಾಳ್ಮೆಯಿಂದ ಹೋಗುತ್ತೇನೆ.
ಸಿಗ್ನಲ್ಲಿನಲ್ಲಿ ಹುಡುಗರು ಬಾನೆಟ್ಟಿನ ಆ ಅಗಲ ಮೂಗು ಕಂಡು
ಪಕ್ಕಕ್ಕೆ ಬಂದು ಗುರುಗುಟ್ಟುತ್ತಾರೆ.
ಹಸಿರು ಬೀಳುತ್ತದೆ. ಅವರು ಹೋಗುತ್ತಾರೆ.

ಮೂಗಿಗೆ ಈಗ ಉಣಿಸಲು ಯಾರೂ ಇಲ್ಲ.
ಮಳೆ ಬಂದರೆ ನೇರ ಒಳಗಿಳಿದು
ಬಿಸಿ ಲೋಹದ ಮೇಲೆ ಚುಂಯ್ ಎನ್ನುತ್ತದೆ.
ಪಾತ್ರೆ ತೊಳೆಯುವ ಹಳದಿ ಸ್ಪಂಜನ್ನು ತುರುಕಿದ್ದೇನೆ.
ಒಮ್ಮೊಮ್ಮೆ, ಹೆದ್ದಾರಿಯಲ್ಲಿ ಯಾರೂ ಇಲ್ಲದಾಗ,
ನಿಲ್ಲಿಸಿ, ಅದನ್ನು ಕಿತ್ತು
ಪಕ್ಕದ ಸೀಟಿನ ಮೇಲಿಟ್ಟು
ಹೊರಡುತ್ತೇನೆ.